ಬೀದಿಗೆ ಸಸಿ ನೆಡುವ ಮುನ್ನ ಬಾಗಿಲು ತಟ್ಟಬೇಕು

ರಸ್ತೆ ಬದಿಯಲ್ಲಿ ನೆಟ್ಟ ಸಸಿ ಕಾನೂನಿನ ಪ್ರಕಾರ ಮನೆಯವರ ಸ್ವತ್ತಲ್ಲ. ಆದರೆ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವವರು, ಮಾಘ ಫಾಲ್ಗುಣದಲ್ಲಿ ಅದರ ತರಗೆಲೆ ಗುಡಿಸುವವರು, ಅದರ ನೆರಳಿನಲ್ಲಿ ಬೈಕು ನಿಲ್ಲಿಸುವವರು ಎಲ್ಲರೂ ಆ ಮನೆಯವರೇ. ಹೀಗಿದ್ದರೂ ನಮ್ಮ ದಾವಣಗೆರೆಯ ಬಡಾವಣೆಗಳಲ್ಲಿ ಸಸಿ ನೆಡಲು ಬಂದವರು ಒಂದು ಸಲವಾದರೂ ಗೇಟಿನ ಬಳಿ ನಿಂತು, "ಇಲ್ಲಿ ಗಿಡ ಹಾಕಬಹುದೇ, ಯಾವುದು ಹಾಕೋಣ?" ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಜೂನ್ 5ರ ಪರಿಸರ ದಿನಕ್ಕೆ ಒಮ್ಮೆ, ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಇನ್ನೊಮ್ಮೆ ಗುಂಡಿ ತೋಡುತ್ತಾರೆ, ನೆಟ್ಟ ಸಸಿಗಳ ಸಂಖ್ಯೆಯನ್ನು ಪ್ರಕಟಿಸುತ್ತಾರೆ. ಮುಂದಿನ ಯುಗಾದಿಗೆ ಅವುಗಳಲ್ಲಿ ಎಷ್ಟು ಚಿಗುರಿವೆ ಎಂಬ ಲೆಕ್ಕ ಮಾತ್ರ ಹೊರಬರುವುದಿಲ್ಲ. ವರ್ಷಕ್ಕೆ ಸುಮಾರು 650 ಮಿಲಿಮೀಟರ್ ಮಳೆ ಬೀಳುವ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಒಣಗಿಯೇ ಇರುವ ಊರಿನಲ್ಲಿ ಮೊಣಕಾಲೆತ್ತರದ ಸಸಿಯೊಂದು ತನ್ನ ಪಾಡಿಗೆ ತಾನು ಬದುಕಲಿ ಎಂದು ಬಿಟ್ಟುಹೋಗುವುದು ನೆಟ್ಟಂತೆಯೂ ಅಲ್ಲ.

ಹಿಂದಿನ ಬೇಸಿಗೆಯಲ್ಲಿ ನಮ್ಮ ಅಡ್ಡರಸ್ತೆಯಲ್ಲಿ ಒಣಗಿ ನಿಂತಿದ್ದ ಹೊಂಗೆ ಸಸಿಯೊಂದನ್ನು ಪಕ್ಕದ ಮನೆಯ ಹಿರಿಯರು ಕಿತ್ತಾಗ ಅದು ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲದ ಸಮೇತ ಮೇಲೆ ಬಂತು. ಬೇರುಗಳು ಚೀಲದೊಳಗೇ ಸುತ್ತಿಕೊಂಡು ಸಿಂಬಿಯಾಗಿದ್ದವು. ಗುಂಡಿಯಲ್ಲಿ ಇದ್ದದ್ದು ಮಣ್ಣಲ್ಲ, ಚರಂಡಿ ಕಟ್ಟಿದಾಗ ಉಳಿದ ಜಲ್ಲಿ ಮತ್ತು ಸಿಮೆಂಟ್ ಚೂರು. "ನೀರು ಹಾಕಲಿಲ್ಲ ಅಂತ ನಮ್ಮನ್ನೇ ಬೈತಾರಲ್ಲ ಸಾರ್" ಎಂದು ಅವರು ನಕ್ಕರು. ಜನರಿಗೆ ಮರದ ಮೇಲೆ ಪ್ರೀತಿಯಿಲ್ಲ ಎಂದು ಸಭೆಗಳಲ್ಲಿ ಹೇಳುವವರು ಇಂತಹ ಗುಂಡಿಗಳನ್ನು ಒಮ್ಮೆ ಕೆದಕಿ ನೋಡಬೇಕು.

ಹಾಗೆಂದು ನಿವಾಸಿಗಳದ್ದು ತಪ್ಪೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮುಂಬಾಗಿಲಿಗೆ ಎದುರಾಗಿ ಮರ ಬಂದರೆ ದ್ವಾರವೇಧವೆಂಬ ವಾಸ್ತುದೋಷವೆಂದು ಅಂಜುವವರಿದ್ದಾರೆ, ಅಂಗಡಿಯ ಬೋರ್ಡು ಮರೆಯಾಗುತ್ತದೆಂದು ರಾತ್ರೋರಾತ್ರಿ ಕೊಂಬೆ ಕಡಿಸುವವರಿದ್ದಾರೆ, ಕಾರು ಒಳಗೆ ತಿರುಗಿಸಲು ಅಡ್ಡಿಯೆಂದು ಬುಡಕ್ಕೆ ಸಿಮೆಂಟ್ ಬಳಿಯುವವರೂ ಇದ್ದಾರೆ. ವಾಸ್ತುವಿನ ಮಾತನ್ನು ನಾನು ನಂಬುವುದಿಲ್ಲ. ಆದರೂ ಸಸಿಯನ್ನು ಬಾಗಿಲಿನ ನೇರದಿಂದ ನಾಲ್ಕು ಅಡಿ ಪಕ್ಕಕ್ಕೆ ಸರಿಸಿದರೆ ಮರ ಉಳಿಯುವುದಾದರೆ ಸರಿಸುವುದೇ ಜಾಣತನ, ಮತ್ತು ಅದು ನೆಡುವ ಮೊದಲು ಕೇಳಿದರೆ ಮಾತ್ರ ಸಾಧ್ಯ. ವಿದ್ಯುತ್ ತಂತಿಯ ವಿಷಯವೂ ಹೀಗೆಯೇ. ತಂತಿ ಹಾದುಹೋಗುವ ಬದಿಯಲ್ಲಿ ಎತ್ತರಕ್ಕೆ ಬೆಳೆಯುವ ಮಹಾಗನಿಯನ್ನೋ ನೇರಳೆಯನ್ನೋ ನೆಟ್ಟು, ಹತ್ತು ವರ್ಷದ ನಂತರ ಮಳೆಗಾಲಕ್ಕೆ ಮೊದಲು ಅದರ ತಲೆ ಬೋಳಿಸುವುದಕ್ಕಿಂತ ಅಲ್ಲಿ ಬಸವನಪಾದದಂತಹ ಗಿಡ್ಡ ಜಾತಿಯನ್ನು ಹಾಕಿ, ತಂತಿಯಿಲ್ಲದ ಬದಿಗೆ ಹೊಂಗೆ, ಬೇವು ಹಾಕಬಹುದು.

ಕಡಿಯುವುದಕ್ಕೆ ನಮ್ಮಲ್ಲಿ ವಿಧಿವಿಧಾನ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು, 50ಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕರ ಆಕ್ಷೇಪಣೆಗಳನ್ನೂ ಕರೆಯಬೇಕು. ನೆಡುವಾಗ ಮಾತ್ರ ನಿವಾಸಿಯ ಅಭಿಪ್ರಾಯಕ್ಕೆ ಜಾಗವಿಲ್ಲ. ಬುಡದ ಸುತ್ತ ಮಣ್ಣು ಬಿಡಬೇಕೆಂಬುದೂ ಹೊಸ ಮಾತಲ್ಲ. ದೆಹಲಿಯ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ನಮ್ಮದೂ ಒಂದು. ಇಲ್ಲಿನ ಫುಟ್‌ಪಾತ್‌ಗಳಲ್ಲಿ ಪೇವರ್ ಇಟ್ಟಿಗೆ ಕಾಂಡಕ್ಕೆ ಅಂಟಿಕೊಂಡಿರುವುದನ್ನು ಕಂಡಾಗ ಆ ಆದೇಶ ನೆನಪಾಗುತ್ತದೆ.

ನನಗೆ ಹೆಚ್ಚು ಸರಿಯೆನಿಸುವ ಮಾದರಿ ಹಳ್ಳಿಯ ಕಡೆಯದು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ಹಣ ಸಿಗುವುದು ನೆಟ್ಟ ಸಸಿಗಲ್ಲ, ಬದುಕಿ ಉಳಿದ ಸಸಿಗೆ. ಮೂರು ವರ್ಷಗಳಲ್ಲಿ ಕಂತುಕಂತಾಗಿ, ಒಂದು ಸಸಿಗೆ ಒಟ್ಟು 125 ರೂಪಾಯಿ. ಇದೇ ಲೆಕ್ಕವನ್ನು ನಗರದ ಬೀದಿಗೂ ತರಬಹುದಲ್ಲವೇ? ಗುತ್ತಿಗೆದಾರರ ಬಿಲ್ಲನ್ನು ಮೂರು ಭಾಗ ಮಾಡಿ, ಕೊನೆಯ ಭಾಗವನ್ನು ಮೂರನೆಯ ಬೇಸಿಗೆ ದಾಟಿದ ಗಿಡಕ್ಕೆ ಮಾತ್ರ ಕೊಡಲಿ. ನೀರು ಹಾಕುತ್ತೇನೆಂದು ಒಪ್ಪಿದ ಮನೆಯವರಿಗೂ ಆಸ್ತಿ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಸಿಗಲಿ. ಹಣ ಚಿಕ್ಕದಿರಬಹುದು, ಆದರೆ ಅದನ್ನು ಕೊಡಬೇಕಾದರೆ ಯಾರಾದರೂ ಬಂದು ಎಣಿಸಲೇಬೇಕಾಗುತ್ತದೆ.

ಈ ವರ್ಷ ನಮ್ಮ ಅಡ್ಡರಸ್ತೆಯವರು ಮಳೆಗೆ ಮೊದಲೇ ಒಂದು ಹಾಳೆಯಲ್ಲಿ ಮನೆಮನೆಯ ವಿವರ ಬರೆದಿದ್ದೇವೆ: ಯಾರು ಒಪ್ಪಿದ್ದಾರೆ, ಯಾವ ಗಿಡ ಬೇಕು, ತಂತಿ ಯಾವ ಬದಿ, ನಲ್ಲಿಯ ಪೈಪು ಎಲ್ಲಿ ಹಾದಿದೆ. ಒಪ್ಪದ ಮನೆಗಳೂ ಇವೆ, ಅವುಗಳ ಮುಂದೆ ಗುಂಡಿ ತೋಡುವುದು ಬೇಡವೆಂದೇ ಬರೆದಿದ್ದೇವೆ. ನೆಡಲು ಬರುವವರ ಕೈಗೆ ಈ ಹಾಳೆ ಕೊಡುವುದು, ಆರಡಿಗಿಂತ ಕುಳ್ಳಗಿನ ಸಸಿ ತಂದರೆ ವಾಪಸ್ ಕಳಿಸುವುದು ಎಂದು ಸದ್ಯಕ್ಕೆ ತೀರ್ಮಾನವಾಗಿದೆ.