ಊರ ಮಕ್ಕಳ ಪಾಠಕ್ಕೆ ಊರ ತೆರಿಗೆಯೇ ಗತಿಯಾಗಬೇಕೇ? ಪರ – ವಿರೋಧ

ಟೆಕ್ಸಸ್‌ನಲ್ಲಿ ಮನೆ ಇರುವವರಿಗೆ ಅಕ್ಟೋಬರ್ ಕಳೆಯುವ ಹೊತ್ತಿಗೆ ಒಂದು ಲಕೋಟೆ ಬರುತ್ತದೆ. ಆಸ್ತಿ ತೆರಿಗೆಯ ಬಿಲ್ಲು. ಕೌಂಟಿಗೆ ಇಷ್ಟು, ನಗರಕ್ಕೆ ಇಷ್ಟು, ಆಸ್ಪತ್ರೆಗೆ ಇಷ್ಟು ಎಂದು ಸಾಲು ಸಾಲಾಗಿ ಬರೆದಿರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಶಾಲಾ ಜಿಲ್ಲೆಯದು. ಬೆಂಗಳೂರಿನಲ್ಲಿ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರ, ಭಿಕ್ಷುಕರ ಕರ ಕಟ್ಟಿ ರೂಢಿಯಿದ್ದವರಿಗೂ ಈ ಸಾಲನ್ನು ಮೊದಲ ಸಲ ನೋಡಿದಾಗ ಎದೆ ಧಸಕ್ಕೆನ್ನುತ್ತದೆ.

ಶಾಲಾ ಜಿಲ್ಲೆ ಎಂದರೆ ನಮ್ಮ ತುಮಕೂರು, ಧಾರವಾಡದಂಥ ಜಿಲ್ಲೆಯಲ್ಲ. ಶಾಲೆ ನಡೆಸುವುದಕ್ಕೆಂದೇ ಬೇರೆ ಗಡಿ ಎಳೆದುಕೊಂಡಿರುವ, ಬಹುಪಾಲು ಕಡೆ ಚುನಾಯಿತ ಮಂಡಳಿಯೂ ತೆರಿಗೆ ಹಾಕುವ ಅಧಿಕಾರವೂ ಇರುವ ಸಂಸ್ಥೆ. ಅಮೆರಿಕದಲ್ಲಿ ಇಂಥವು ಹದಿಮೂರು ಸಾವಿರದಷ್ಟಿವೆ. ಒಕ್ಕೂಟ ಸರ್ಕಾರ ಕೊಡುವುದು ಶಾಲೆಗಳ ಒಟ್ಟು ಹಣದಲ್ಲಿ ಹತ್ತನೇ ಒಂದು ಪಾಲಿನ ಆಸುಪಾಸು. ಉಳಿದದ್ದನ್ನು ದೇಶದ ಸರಾಸರಿಯಲ್ಲಿ ರಾಜ್ಯವೂ ಊರೂ ಹೆಚ್ಚುಕಡಿಮೆ ಸಮನಾಗಿ ಹೊರುತ್ತವೆ. ಮಾಮೂಲಿ ತರಗತಿಗಳು ಹೇಗೋ ನಡೆಯುತ್ತವೆ. ಜಗಳವಿರುವುದು ಅಂಚಿನ ಎರಡು ಬಾಬ್ತುಗಳ ಬಗ್ಗೆ: ಐದು ವರ್ಷ ತುಂಬುವ ಮೊದಲಿನ ಕಲಿಕೆ, ಹಿಂದೆ ಬಿದ್ದ ಮಕ್ಕಳಿಗೆ ಕೊಡುವ ಪರಿಹಾರ ಬೋಧನೆ. ಹಣ ಸಾಲದಾದಾಗ ಕತ್ತರಿ ಬೀಳುವುದು ಮೊದಲು ಇವಕ್ಕೇ. ಇವನ್ನು ಊರಿನ ತೆರಿಗೆಗೆ ಬಿಡಬೇಕೇ? ಸ್ಯಾನ್ ಆಂಟೋನಿಯೊ ನಗರವನ್ನು ಎದುರಿಗಿಟ್ಟುಕೊಂಡು ಎರಡೂ ಕಡೆಯ ವಕಾಲತ್ತನ್ನು ನಾನೇ ವಹಿಸಿದ್ದೇನೆ.

ಪರ: ಕೈಗೆಟುಕುವ ದುಡ್ಡು ಊರಿನದೇ

2011ರಲ್ಲಿ ಟೆಕ್ಸಸ್ ಶಾಸನಸಭೆ ಶಾಲೆಗಳ ಅನುದಾನದಲ್ಲಿ ಐನೂರು ಕೋಟಿ ಡಾಲರ್‌ಗೂ ಹೆಚ್ಚು ಕಡಿತ ಮಾಡಿತು. ಪೂರ್ವ ಪ್ರಾಥಮಿಕ ತರಗತಿಯನ್ನು ಇಡೀ ದಿನ ನಡೆಸಲು ನೆರವಾಗುತ್ತಿದ್ದ ವಿಶೇಷ ಅನುದಾನವೂ ಅದರಲ್ಲಿ ಕೊಚ್ಚಿಹೋಯಿತು. ಉಳಿದದ್ದು ಅರ್ಧ ದಿನದ ಲೆಕ್ಕದ ಹಣ. ಅರ್ಧ ದಿನ ಎಂದರೆ ಮಧ್ಯಾಹ್ನದೊಳಗೆ ಮಗುವನ್ನು ಕರೆತರಲು ಯಾರಾದರೂ ಬಿಡುವಾಗಿರಬೇಕು. ಹೋಟೆಲಿನಲ್ಲಿ ಹಾಸಿಗೆಯ ಹೊದಿಕೆ ಬದಲಿಸುವ ತಾಯಿ ಆ ಹೊತ್ತಿಗೆ ಬರಲಾರಳು. ಉಚಿತ ಸೀಟಿಗೆ ಹಕ್ಕಿದ್ದ ಮಗು ಮನೆಯಲ್ಲೇ ಟಿವಿಯ ಮುಂದೆ ಉಳಿಯುತ್ತದೆ.

ಮರುವರ್ಷ ನವೆಂಬರಿನಲ್ಲಿ ಆಗಿನ ಮೇಯರ್ ಹೂಲಿಯನ್ ಕ್ಯಾಸ್ಟ್ರೊ ಅವರ ಒತ್ತಾಸೆಯಿಂದ ಸ್ಯಾನ್ ಆಂಟೋನಿಯೊದ ಮತದಾರರ ಮುಂದೆ ಒಂದು ಪ್ರಶ್ನೆ ಬಂತು: ನಾಲ್ಕು ವರ್ಷದ ಮಕ್ಕಳ ಪಾಠಕ್ಕಾಗಿ ಮಾರಾಟ ತೆರಿಗೆಯನ್ನು ಸೆಂಟಿನ ಎಂಟನೇ ಒಂದು ಭಾಗದಷ್ಟು ಏರಿಸೋಣವೇ? ಎಂಟು ಡಾಲರಿನ ಸಾಮಾನು ಕೊಂಡರೆ ಒಂದು ಸೆಂಟು. ಆದಾಯ ತೆರಿಗೆಯೇ ಇಲ್ಲದ, ತೆರಿಗೆ ಎಂದೊಡನೆ ಮುಖ ಸಿಂಡರಿಸುವ ರಾಜ್ಯ ಅದು. ಆದರೂ ಊರು ಒಪ್ಪಿತು, ಸಣ್ಣ ಅಂತರದಲ್ಲಿ. 2013ರಲ್ಲಿ ಕೇಂದ್ರಗಳು ತೆರೆದವು, ಇಡೀ ದಿನದ ತರಗತಿಗಳೊಂದಿಗೆ. 2020ರಲ್ಲಿ, ಕೋವಿಡ್‌ನಿಂದ ಹೋಟೆಲುಗಳು ಬಣಗುಟ್ಟುತ್ತಿದ್ದಾಗ, ಅದೇ ತೆರಿಗೆ ಮತ್ತೆ ಮತಕ್ಕೆ ಬಂತು. ಈ ಸಲ ಗೆದ್ದದ್ದು ಭಾರಿ ಅಂತರದಲ್ಲಿ. ಎರಡು ಮತದಾನಗಳ ನಡುವಿನ ಎಂಟು ವರ್ಷದಲ್ಲಿ ಜನರ ಮನಸ್ಸು ಬದಲಾಗಿದ್ದರೆ ಅದಕ್ಕೆ ಭಾಷಣ ಕಾರಣವಲ್ಲ. ಪಕ್ಕದ ಮನೆಯ ಮಗು ಅಲ್ಲಿಗೆ ಹೋಗಿ ಬಂದದ್ದನ್ನು ಅವರು ನೋಡಿದ್ದರು.

ಅರ್ಹ ಮಕ್ಕಳಿಗೆ ಇಡೀ ದಿನದ ತರಗತಿ ಕಡ್ಡಾಯ ಎಂದು ರಾಜ್ಯ ಕಾನೂನು ಮಾಡಿದ್ದು 2019ರಲ್ಲಿ. ಅಷ್ಟು ಹೊತ್ತಿಗೆ ಆರು ತಂಡದ ಮಕ್ಕಳು ಊರಿನ ದುಡ್ಡಿನಲ್ಲಿ ಕಲಿತು ಮುಂದಿನ ತರಗತಿಗೆ ಹೋಗಿದ್ದರು. ನಾಲ್ಕು ವರ್ಷದ ಮಗು ರಾಜಧಾನಿಯ ಕಡತ ಸರಿಯುವ ತನಕ ನಾಲ್ಕು ವರ್ಷದ್ದಾಗಿಯೇ ಉಳಿಯುವುದಿಲ್ಲವಲ್ಲ.

ದೂರದಿಂದ ಬರುವ ಹಣದ ಚಾಳಿಯೇ ಬೇರೆ. ಕೋವಿಡ್ ಕಾಲದಲ್ಲಿ ವಾಷಿಂಗ್ಟನ್ ಮೂರು ಕಂತಿನಲ್ಲಿ ಸುಮಾರು 19,000 ಕೋಟಿ ಡಾಲರನ್ನು ಶಾಲೆಗಳಿಗೆ ಸುರಿಯಿತು. 2021ರ ಕೊನೆಯ ಕಂತಿನಲ್ಲಿ ಜಿಲ್ಲೆಗಳು ತಮ್ಮ ಪಾಲಿನ ಕನಿಷ್ಠ ಶೇ. 20ರಷ್ಟನ್ನು ಕಲಿಕೆಯ ನಷ್ಟ ತುಂಬಲು ಬಳಸಬೇಕೆಂಬ ಷರತ್ತಿತ್ತು. ಜಿಲ್ಲೆಗಳು ಟ್ಯೂಟರ್‌ಗಳನ್ನೂ ಓದು ಕಲಿಸುವ ತಜ್ಞರನ್ನೂ ನೇಮಿಸಿಕೊಂಡವು. ಹಣ ಬಳಸುವ ಗಡುವು 2024ರ ಸೆಪ್ಟೆಂಬರಿಗೆ ಮುಗಿಯಿತು. ಮಗುವಿಗೆ ಅಕ್ಷರ ಕೂಡಿಸಲು ಬಂದಿತೋ ಇಲ್ಲವೋ ಎಂದು ಗಡುವು ಕೇಳುವುದಿಲ್ಲ.

ಇನ್ನು, ಎಳೆಯ ಮಕ್ಕಳ ಶಿಕ್ಷಣದ ಬಗ್ಗೆ ಎಲ್ಲರೂ ಉದಾಹರಿಸುವ ಪೆರಿ ಪ್ರಯೋಗ ಹುಟ್ಟಿದ್ದು ಎಲ್ಲಿ? 1962ರಲ್ಲಿ ಮಿಶಿಗನ್‌ನ ಇಪ್ಸಿಲ್ಯಾಂಟಿ ಎಂಬ ಸಣ್ಣ ಊರಿನ ಶಾಲಾ ಜಿಲ್ಲೆಯಲ್ಲಿ. ಬಡ ಕಪ್ಪು ಮಕ್ಕಳು ಶಾಲೆಗೆ ಬಂದ ಮೇಲೆ ಹಿಂದೆ ಬೀಳುವುದನ್ನು ಕಣ್ಣಾರೆ ಕಂಡ ಡೇವಿಡ್ ವೈಕಾರ್ಟ್ ಎಂಬ ಜಿಲ್ಲೆಯ ಅಧಿಕಾರಿ, ಶಾಲೆಗೆ ಬರುವ ಮೊದಲೇ ಏಕೆ ಹಿಡಿಯಬಾರದು ಎಂದು ಹೊರಟರು. 123 ಮಕ್ಕಳ ಆ ಪ್ರಯೋಗವನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಲಾಯಿತು. ಅದು ಯಾವ ಮಂತ್ರಾಲಯದ ಸುತ್ತೋಲೆಯಿಂದಲೂ ಹುಟ್ಟಿದ್ದಲ್ಲ.

ನಮ್ಮ ಕಡೆಯ ಏರ್ಪಾಡು ಇದಕ್ಕೆ ತದ್ವಿರುದ್ಧ. ಅಂಗನವಾಡಿ ಯೋಜನೆ ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಆರಂಭವಾದಾಗಿನಿಂದ ದುಡ್ಡು ದೆಹಲಿ ಮತ್ತು ಬೆಂಗಳೂರಿನಿಂದಲೇ ಇಳಿಯಬೇಕು. ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದು ಸಾಲದು ಎಂದು ಹೇಳಲು ಅವಳು ಬಸ್ಸು ಹತ್ತಿ ಫ್ರೀಡಂ ಪಾರ್ಕಿಗೆ ಬರಬೇಕು. ಅವಳ ಊರಿನವರಿಗೆ ಅವಳ ಬಗ್ಗೆ ಎಷ್ಟೇ ಅಭಿಮಾನವಿದ್ದರೂ ಅದನ್ನು ದುಡ್ಡಾಗಿಸುವ ಮತಚೀಟಿ ಅವರ ಕೈಯಲ್ಲಿಲ್ಲ.

ವಿರೋಧ: ಬೊಗಸೆ ಒಂದೇ ಅಳತೆಯದಲ್ಲ

ಅದೇ ಸ್ಯಾನ್ ಆಂಟೋನಿಯೊಗೆ ನಾನೂ ಹೋಗುತ್ತೇನೆ, ಆದರೆ 1968ಕ್ಕೆ. ಆ ನಗರದಲ್ಲಿರುವುದು ಒಂದು ಶಾಲಾ ಜಿಲ್ಲೆಯಲ್ಲ, ಹಲವು. ಪಶ್ಚಿಮದಲ್ಲಿ ಎಜ್‌ವುಡ್, ಮೆಕ್ಸಿಕನ್ ಮೂಲದ ಕೂಲಿಕಾರರ ಕೇರಿಗಳು. ಉತ್ತರದಲ್ಲಿ ಅಲಾಮೊ ಹೈಟ್ಸ್, ಉಳ್ಳವರ ಬಡಾವಣೆ. ನಡುವೆ ಕಾರಿನಲ್ಲಿ ಅರ್ಧ ಗಂಟೆಯೂ ಹಿಡಿಯದ ದಾರಿ. ಆ ವರ್ಷ ಮೇ ತಿಂಗಳಲ್ಲಿ ಎಜ್‌ವುಡ್ ಪ್ರೌಢಶಾಲೆಯ ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ವಾಯುನೆಲೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಡೆಮಿಟ್ರಿಯೊ ರೊಡ್ರಿಗೆಜ್ ಮತ್ತು ಇತರ ಪೋಷಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಆ ಮೊಕದ್ದಮೆಯ ಕಾಗದಗಳಲ್ಲಿರುವ ಲೆಕ್ಕವನ್ನು ಒಮ್ಮೆ ನಿಧಾನವಾಗಿ ಓದಬೇಕು. ಎಜ್‌ವುಡ್ ಜನ ಕಟ್ಟುತ್ತಿದ್ದದ್ದು ಆಸ್ತಿಯ ಪ್ರತಿ ನೂರು ಡಾಲರಿಗೆ 1.05 ಡಾಲರ್ ತೆರಿಗೆ, ಆ ಸೀಮೆಗೇ ಹೆಚ್ಚಿನ ದರ. ಎಲ್ಲ ಶಾಲೆಗಳ ಕನಿಷ್ಠ ಖರ್ಚಿಗೆಂದು ರಾಜ್ಯ ನಡೆಸುತ್ತಿದ್ದ ಮೂಲ ಕಾರ್ಯಕ್ರಮಕ್ಕೆ ಕೊಡಬೇಕಾದ ಪಾಲು ಕಳೆದು ಮಗುವೊಂದಕ್ಕೆ ಉಳಿಯುತ್ತಿದ್ದದ್ದು 26 ಡಾಲರ್. ಅಲಾಮೊ ಹೈಟ್ಸ್ ಕಟ್ಟುತ್ತಿದ್ದದ್ದು ಬರೀ 85 ಸೆಂಟ್. ಉಳಿಯುತ್ತಿದ್ದದ್ದು 333 ಡಾಲರ್. ಹೆಚ್ಚು ಕಟ್ಟಿದವರಿಗೆ ಕಡಿಮೆ, ಕಡಿಮೆ ಕಟ್ಟಿದವರಿಗೆ ಹೆಚ್ಚು. ರಾಜ್ಯವಾದರೂ ಇದನ್ನು ಸರಿದೂಗಿಸಿತೇ? ರಾಜ್ಯದ ಹಣ ಎಜ್‌ವುಡ್ ಮಗುವಿಗೆ 222 ಡಾಲರ್, ಅಲಾಮೊ ಹೈಟ್ಸ್ ಮಗುವಿಗೆ 225. ಮೂರು ಡಾಲರ್ ಹೆಚ್ಚು, ಉಳ್ಳವರಿಗೇ! ಒಂದಿಷ್ಟು ಕರುಣೆ ತೋರಿಸಿದ್ದು ಒಕ್ಕೂಟ ಸರ್ಕಾರ ಮಾತ್ರ: 108 ಮತ್ತು 36.

1973ರಲ್ಲಿ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ, ಒಕ್ಕೂಟದ ಸಂವಿಧಾನದಡಿ ಶಿಕ್ಷಣ ಮೂಲಭೂತ ಹಕ್ಕಲ್ಲ, ಸ್ಥಳೀಯ ಹಿಡಿತ ಉಳಿಸಿಕೊಳ್ಳುವುದು ಒಪ್ಪಬಹುದಾದ ಉದ್ದೇಶ ಎಂದಿತು. ತೀರ್ಪು ಬರೆದ ಲೂಯಿಸ್ ಪವೆಲ್ ಹಿಂದೆ ರಿಚ್‌ಮಂಡ್‌ನ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದವರು. ಅವರಿಗೆ ಆ ಹಿಡಿತದ ಮೇಲೆ ಮಮತೆಯಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಎಂಟು ಡಾಲರಿಗೆ ಒಂದು ಸೆಂಟಿನ ಕಥೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದು ಶಾಲಾ ಜಿಲ್ಲೆಯ ತೆರಿಗೆಯಲ್ಲ, ಇಡೀ ನಗರದ್ದು. ಎಜ್‌ವುಡ್ ಮಗುವಿಗೆ ಅದು ಒದಗಿದ್ದೇ ಜಿಲ್ಲೆಗಳ ಗಡಿ ದಾಟಿ ಹಣ ಒಟ್ಟಾದದ್ದರಿಂದ. ಅಂದರೆ ಪರ ವಾದದ ಅತಿ ಬಲವಾದ ಸಾಕ್ಷಿ ನನ್ನ ಕಡೆಗೇ ಮಾತಾಡುತ್ತಿದೆ. ಪ್ರವಾಸಿಗರು, ಮಾಲ್‌ಗಳು ಇರುವ ನಗರಕ್ಕೆ ಮಾರಾಟ ತೆರಿಗೆ ಹುಟ್ಟುತ್ತದೆ. ಗಡಿಯಂಚಿನ ಧೂಳು ಊರಿಗೆ ಎಲ್ಲಿಂದ ಹುಟ್ಟಬೇಕು? ಮಗುವಿಗೆ ಬೂಟು ಕೊಳ್ಳುವ ಹೋಟೆಲ್ ಕೆಲಸದಾಕೆಯೂ ಹೋಟೆಲಿನ ಒಡೆಯನೂ ಒಂದೇ ದರದಲ್ಲಿ ಕಟ್ಟುವ ತೆರಿಗೆ ಅದು ಎಂಬುದನ್ನೂ ಮರೆಯಬಾರದು.

ಇಪ್ಸಿಲ್ಯಾಂಟಿಯ ಮಾತಿಗೆ ಬಂದರೆ, ನಾಲ್ಕನೇ ವಯಸ್ಸಿನ ಪಾಠದ ಫಲ ಕಾಣುವುದು ಮಗು ದೊಡ್ಡದಾಗಿ ದುಡಿಯತೊಡಗಿದ ಮೇಲೆ. ಆಗ ಆ ಮನುಷ್ಯ ಡಲ್ಲಾಸ್‌ನಲ್ಲೋ ಷಿಕಾಗೊದಲ್ಲೋ ತೆರಿಗೆ ಕಟ್ಟುತ್ತಿರುತ್ತಾನೆ. ಬಿತ್ತಿದ ಊರು ಒಂದು, ಕೊಯ್ಯುವ ಊರು ಇನ್ನೊಂದು.

ಇದರಲ್ಲಿ ನಮ್ಮವರ ಪಾಲೂ ಇದೆ. ಆಸ್ಟಿನ್‌ಗೋ ಡಲ್ಲಾಸ್‌ಗೋ ಬಂದಿಳಿದ ಕನ್ನಡಿಗ ಕುಟುಂಬ ಮನೆ ಹುಡುಕುವಾಗ ಅಡುಗೆಮನೆಗಿಂತ ಮೊದಲು ನೋಡುವುದು ಜಾಲತಾಣದಲ್ಲಿ ಶಾಲೆಗೆ ಕೊಟ್ಟ ಹತ್ತರೊಳಗಿನ ಅಂಕ. ನಾನೂ ನೋಡಿದ್ದೇನೆ. ರಸ್ತೆಯ ಈ ಕಡೆಯ ಮನೆಯೂ ಆ ಕಡೆಯ ಮನೆಯೂ ಒಂದೇ ಬಿಲ್ಡರ್ ಕಟ್ಟಿದ್ದು. ಗ್ಯಾರೇಜಿನ ಬಾಗಿಲ ಬಣ್ಣವೂ ಒಂದೇ. ನಡುವೆ ಶಾಲಾ ಜಿಲ್ಲೆಯ ಗಡಿ ಹಾದುಹೋಗಿತ್ತು. ಬೆಲೆಯ ಅಂತರ ಏಕೆಂದು ಕೇಳಿದ್ದಕ್ಕೆ ಏಜೆಂಟ್ ಹೇಳಿದ್ದು ಒಂದೇ ಪದ: ಶಾಲೆ. ನಾವು ದುಬಾರಿಯದನ್ನೇ ಕೊಂಡೆವು. ನಮ್ಮಂಥವರು ಹೀಗೆ ಗಡಿಯ ಒಂದು ಕಡೆಗೇ ಸೇರಿದಂತೆ ಅಲ್ಲಿನ ಆಸ್ತಿಯ ಬೆಲೆ ಏರುತ್ತದೆ, ತೆರಿಗೆ ಉಬ್ಬುತ್ತದೆ. ಪರಿಹಾರ ಬೋಧನೆ ಹೆಚ್ಚು ಬೇಕಾದ ಮಕ್ಕಳು ಉಳಿಯುವುದು ಇನ್ನೊಂದು ಕಡೆ.

ಉಳ್ಳ ಜಿಲ್ಲೆಯ ಹೆಚ್ಚುವರಿ ತೆರಿಗೆಯನ್ನು ರಾಜ್ಯ ವಸೂಲಿ ಮಾಡುವ ಕಾನೂನು ಟೆಕ್ಸಸ್‌ನಲ್ಲಿ 1993ರಿಂದ ಇದೆ. ಜನ ಅದನ್ನು ರಾಬಿನ್‌ಹುಡ್ ಎನ್ನುತ್ತಾರೆ. ಅತಿ ಹೆಚ್ಚು ಕಟ್ಟುವ ಜಿಲ್ಲೆಗಳಲ್ಲಿ ಆಸ್ಟಿನ್ ಮುಂದು. ಅಲ್ಲಿಯೂ ಬಡ ಮಕ್ಕಳು ಬೇಕಾದಷ್ಟಿದ್ದಾರೆ, ಇದೆಂಥ ನ್ಯಾಯ ಎಂದು ಆಸ್ಟಿನ್‌ನವರು ಗೊಣಗುವುದರಲ್ಲಿ ಹುರುಳಿದೆ. ಆದರೆ ಅವರ ದೂರು ಹಣ ಹಂಚುವ ಸೂತ್ರದ ಮೇಲಿರಬೇಕು. ಹಂಚುವುದೇ ತಪ್ಪು ಎಂದಲ್ಲ.

ಲಿಂಡನ್ ಜಾನ್ಸನ್‌ಗೆ ಈ ಸಂಗತಿ ಪುಸ್ತಕದಿಂದ ತಿಳಿದದ್ದಲ್ಲ. 1928ರಲ್ಲಿ ಸ್ಯಾನ್ ಆಂಟೋನಿಯೊದ ದಕ್ಷಿಣಕ್ಕಿರುವ ಕೊಟುಲ್ಲಾ ಎಂಬ ಊರಿನಲ್ಲಿ ಅವರು ಬಡ ಮೆಕ್ಸಿಕನ್ ಮಕ್ಕಳಿಗೆ ಮೇಷ್ಟರಾಗಿದ್ದರು. ಅಧ್ಯಕ್ಷರಾದ ಮೇಲೆ 1965ರಲ್ಲಿ ಹೆಡ್ ಸ್ಟಾರ್ಟ್ ಶಿಶು ಕಾರ್ಯಕ್ರಮವನ್ನೂ ಬಡ ಮಕ್ಕಳಿರುವ ಶಾಲೆಗಳ ಹೆಚ್ಚುವರಿ ಬೋಧನೆಗೆ ಟೈಟಲ್ ಒಂದು ಎಂಬ ಅನುದಾನವನ್ನೂ ತಂದರು. ಈ ಅನುದಾನಕ್ಕೆ ಒಂದು ನಿಯಮವಿದೆ: ಅದು ಊರಿನ ಹಣದ ಮೇಲೆ ಸೇರಬೇಕೇ ಹೊರತು ಊರಿನ ಹಣದ ಜಾಗವನ್ನು ತುಂಬಬಾರದು. ನಿಯಮ ಸರಿ. ಆದರೆ ಕೆಳಗಿನ ಮೆಟ್ಟಿಲೇ ಏರುಪೇರಾಗಿರುವಾಗ ಮೇಲೆ ಹಾಕಿದ ಹಲಗೆಯೂ ವಾಲಿಯೇ ಕೂರುತ್ತದೆ.

ಊರಿಗೆ ಮನಸ್ಸಿದ್ದರೆ ಮಾರ್ಗವಿದೆ ಎನ್ನುವವರು ಆ 1973ರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಬೈರನ್ ವೈಟ್ ಬರೆದ ಭಿನ್ನಮತವನ್ನು ನೋಡಬೇಕು. ಆ ಕೌಂಟಿಯ ಬೇರಾವುದೇ ಜಿಲ್ಲೆಯ ಅತಿ ಹೆಚ್ಚಿನ ಹುಟ್ಟುವಳಿಗೆ ಸಮನಾಗಲು ಅಲಾಮೊ ಹೈಟ್ಸ್ ನೂರು ಡಾಲರಿಗೆ 68 ಸೆಂಟ್ ಹಾಕಿದರೆ ಸಾಕಿತ್ತು, ಎಜ್‌ವುಡ್ 5.76 ಡಾಲರ್ ಹಾಕಬೇಕಿತ್ತು. ಮನೆ ಮಠ ಮಾರಿಯಾದರೂ ಕಟ್ಟುತ್ತೇವೆ ಎಂದು ಎಜ್‌ವುಡ್ ಜನ ಟೊಂಕ ಕಟ್ಟಿದ್ದರೂ ಆಗುತ್ತಿರಲಿಲ್ಲ. ಶಾಲೆ ನಡೆಸುವ ತೆರಿಗೆ ನೂರಕ್ಕೆ 1.50 ಡಾಲರ್ ಮೀರಕೂಡದು ಎಂದು ಟೆಕ್ಸಸ್ ಕಾನೂನೇ ಮಿತಿ ಹಾಕಿತ್ತು.