ಮೀನಿಗೆ ಸೊನ್ನೆ, ನಮಗೆ ಮುನ್ನೂರು

ನಮ್ಮ ನಲ್ಲಿ ನೀರಿಗೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಎಷ್ಟೆಂದು ಹೇಳುವ ಕಡ್ಡಿ) ಅದ್ದಿದರೆ 300ರ ಆಚೀಚೆ ತೋರಿಸುತ್ತದೆ. ಅದನ್ನು ನಾವು ಕುಡಿಯುತ್ತೇವೆ. ಹವಳದ ಅಕ್ವೇರಿಯಂಗೆ ಹೋಗುವ ನೀರು ಮಾತ್ರ 0 ಇರಬೇಕು. 2 ಬಂದರೂ ನನ್ನ ಮುಖ ಸಪ್ಪಗಾಗುತ್ತದೆ. ಅದಕ್ಕೆಂದೇ ಆರ್‌ಒ, ಅದರ ಬೆನ್ನಿಗೆ ಅಳಿದುಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಹರಳುಗಳು. ಒಂದು ಬಕೆಟ್ ಶುದ್ಧ ನೀರು ಕೊಡಲು ಮೂರು ನಾಲ್ಕು ಬಕೆಟ್ ಹೊರಗೆ ಚೆಲ್ಲುವ ಆ ಯಂತ್ರವನ್ನು ಮನೆಯವರು ಕಂಡರಾಗದ ನೆಂಟನನ್ನು ಸಹಿಸಿದಂತೆ ಸಹಿಸುತ್ತಾರೆ.

"ಅಲ್ಲಾ ಅಳಿಯಂದ್ರೇ, ಸಮುದ್ರಕ್ಕೆ ಯಾರು ಫಿಲ್ಟರ್ ಹಾಕಿದಾರೆ?" ಎಂದರು ಮಾವ. ಪ್ರಶ್ನೆ ಸರಿಯಾಗೇ ಇತ್ತು. ಸಿಟ್ಟು ಬಂದದ್ದು ಅದಕ್ಕೇ. ವಿವರಿಸಲು ಕೂತೆ. ತೊಟ್ಟಿಯಿಂದ ಆವಿಯಾಗುವುದು ಬರೀ ನೀರು. ಕರಗಿದ್ದೆಲ್ಲ ಒಳಗೇ ಉಳಿಯುತ್ತದೆ. ಇಳಿದಷ್ಟಕ್ಕೂ ನಲ್ಲಿ ನೀರನ್ನೇ ಸುರಿಯುತ್ತ ಹೋದರೆ ಅದರಲ್ಲಿನ ಫಾಸ್ಫೇಟ್, ಸಿಲಿಕೇಟ್ ದಿನದಿನಕ್ಕೆ ಏರುತ್ತವೆ, ಪಾಚಿಗೆ ಹಬ್ಬ. ಪೈಪಿನಿಂದ ತಾಮ್ರ ಒಂದಿಷ್ಟು ಸೇರಿದರಂತೂ ಸೀಗಡಿ, ಬಸವನಹುಳಗಳ ಕಥೆ ಮುಗಿಯಿತು.

ಮಾವ ಇಷ್ಟನ್ನೂ ಶ್ರದ್ಧೆಯಿಂದ ಕೇಳಿ, ತಮಗೆ ಬೇಕಾದದ್ದನ್ನು ಮಾತ್ರ ಇಟ್ಟುಕೊಂಡರು: "ಹಾಗಾದ್ರೆ ನಾವು ಕುಡಿಯೋದ್ರಲ್ಲಿ ತಾಮ್ರ ಇದೆ ಅಂತಾಯ್ತು."

ಅಂದಿನಿಂದ ಯಂತ್ರದ ಶುದ್ಧ ನೀರು ತುಂಬಿಡುವ ನನ್ನ ಡ್ರಮ್ಮಿನ ಪಕ್ಕ ಒಂದು ಸ್ಟೀಲ್ ಲೋಟ ಬಂದು ಕೂತಿತು. ಆಮೇಲೆ ಹೆಂಡತಿಯ ಇಸ್ತ್ರಿಪೆಟ್ಟಿಗೆಗೂ ಅದೇ ನೀರು (ಉಪ್ಪು ಕಟ್ಟುವುದಿಲ್ಲವಲ್ಲ, ಅವಳ ತರ್ಕಕ್ಕೆ ಎದುರಾಡುವಂತಿಲ್ಲ). ಆದರೂ ಡ್ರಮ್ಮಿನ ಮಟ್ಟ ಇಳಿಯುತ್ತಲೇ ಇರಲಿಲ್ಲ. ಯಂತ್ರ ಚೆನ್ನಾಗಿ ದುಡಿಯುತ್ತಿದೆ ಎಂದು ಒಳಗೊಳಗೇ ಹಿಗ್ಗಿದೆ.

ಅಷ್ಟರಲ್ಲಿ ತೊಟ್ಟಿಯ ಬಿಳಿ ಮರಳಿನ ಮೇಲೆ ಕಂದು ಪೊರೆ ಹಬ್ಬತೊಡಗಿತು. ಬೆರಳಲ್ಲಿ ಕದಡಿದರೆ ದೂಳಿನಂತೆ ಎದ್ದು, ಸಂಜೆಗೆ ಮತ್ತೆ ಹಾಸಿಕೊಳ್ಳುತ್ತಿತ್ತು. ಡಯಾಟಮ್ ಎಂಬ ಕಂದು ಪಾಚಿ! ಸಿಲಿಕೇಟ್ ಇಲ್ಲದೆ ಅದು ಬದುಕದು. ರೆಸಿನ್ ಸತ್ತಿರಬೇಕು ಎಂದುಕೊಂಡೆ. ಬಣ್ಣ ನೋಡಿದರೆ ಇನ್ನೂ ಕಡುನೀಲಿ. ಸತ್ತಿದ್ದರೆ ಕಂದು ತಿರುಗಬೇಕಿತ್ತು, ತಿರುಗಿರಲೇ ಇಲ್ಲ. ಯಂತ್ರದ ಬಾಯಲ್ಲಿ ಮೀಟರ್ ಹಿಡಿದೆ: 0. ಡ್ರಮ್ಮಿನಲ್ಲಿ ಅದ್ದಿದೆ: 140.

ಮೀಟರನ್ನು ಒರೆಸಿ, ಊದಿ, ಮತ್ತೆ ಅದ್ದಿದೆ. ಅದೇ 140.

ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, ಡ್ರಮ್ಮಿನ ನೀರು ಮುಟ್ಟಿದವರು ಯಾರು ಎಂದು ಗುಡುಗಿದೆ. ಮಾವನಿಗೆ ನಿಜಕ್ಕೂ ನೋವಾಯಿತು.

"ಏನು ಅಳಿಯಂದ್ರೇ ಹೀಗಂದ್ರೆ! ಕುಡಿದಷ್ಟನ್ನೂ ಆಗಿಂದಾಗಲೇ ನಲ್ಲಿಯಿಂದ ತುಂಬಿಸಿ ಇಟ್ಟಿದೀನಿ. ನಿಮ್ಮ ಮೀನಿಗೆ ಒಂದು ಲೋಟ ಕೂಡ ಬಾಕಿ ಉಳಿಸಿಕೊಂಡಿಲ್ಲ."