ಬರೆದಿಲ್ಲ ಅಂದರೆ ಮಾಡಿಲ್ಲ: ಈ ಮಾತು ಸರಿಯೇ?

ಆರೈಕೆಯ ಕೆಲಸಕ್ಕೆ ಹೊಸದಾಗಿ ಸೇರಿದವರ ಕಿವಿಗೆ ಮೊದಲ ವಾರದಲ್ಲೇ ಒಂದು ಮಾತು ಬೀಳುತ್ತದೆ: ‘ಬರೆದಿಲ್ಲ ಅಂದರೆ ಮಾಡಿಲ್ಲ.’ ಮಾತ್ರೆ ಕೊಟ್ಟಿರಾ? ಬರೆಯಿರಿ. ಮಗ್ಗುಲು ಬದಲಿಸಿದಿರಾ? ಬರೆಯಿರಿ. ರಾತ್ರಿ ಎಷ್ಟು ಸಲ ಎದ್ದರು? ಅದನ್ನೂ ಬರೆಯಿರಿ. ಅಂಗವೈಕಲ್ಯ ಇರುವವರ ದಿನವನ್ನು ಹೀಗೆ ಪ್ರತಿ ಪಾಳಿಯಲ್ಲೂ ಪೂರ್ತಿ ಬರೆದಿಡಲೇಬೇಕಾ? ಹೌದು ಅನ್ನುವವರು ಅಂಥವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ವರ್ಷಗಟ್ಟಲೆ ಪಾಳಿ ಮಾಡಿ, ಈಗ ಪಾಳಿ ಹಂಚುವ ಕೆಲಸದಲ್ಲಿ ಇರುವವರು. ಬೇಡ ಅನ್ನುವವರು ತಮ್ಮ ಬಗ್ಗೆ ಹೀಗೆ ಬರೆಸಿಕೊಂಡವರು.

ಪರ: ರಿಜಿಸ್ಟರ್ ಒಂದೇ ಎಲ್ಲ ಪಾಳಿಯಲ್ಲೂ ಇರುತ್ತದೆ

ಅದು ನನ್ನ ರಾತ್ರಿ ಪಾಳಿ. ಸಂಜೆಯವರು ಅವಸರದಲ್ಲಿದ್ದರು. ಅವರ ಮಗುವಿಗೆ ಜ್ವರ. ‘ಎಲ್ಲ ಸರಿ ಇದೆ’ ಅಂತ ಕೀ ಕೊಟ್ಟು ಹೊರಟರು. ಒಂಬತ್ತು ಗಂಟೆಗೆ ಒಬ್ಬರಿಗೆ ಫಿಟ್ಸ್ ಬಂತು. ಮಾತು ಬಾರದವರು ಅವರು, ಆದದ್ದನ್ನು ತಾವೇ ಹೇಳುವ ಹಾಗಿಲ್ಲ. ಎರಡು ನಿಮಿಷಕ್ಕೆ ನಿಂತಿತು. ಮಗ್ಗುಲಿಗೆ ಮಲಗಿಸಿದೆ, ಸಮಯ ಬರೆದೆ, ಪಕ್ಕದಲ್ಲೇ ಕೂತೆ. ದಿನದ ಮೊದಲನೆಯದು ಅಂದುಕೊಂಡಿದ್ದೆ. ಆದರೆ ಸಂಜೆ ನಾಲ್ಕೂವರೆಗೇ ಒಂದು ಸಲ ಬಂದಿತ್ತು. ಅದನ್ನು ಯಾರೂ ಬರೆದಿರಲಿಲ್ಲ. ಅವರ ಫೈಲಿನಲ್ಲಿ ಡಾಕ್ಟರು ಸ್ಪಷ್ಟವಾಗಿ ಹಾಕಿದ್ದರು: ಒಂದೇ ದಿನ ಎರಡನೇ ಸಲ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಕರೆತನ್ನಿ. ನಾನು ಕಾದೆ. ರಾತ್ರಿ ಒಂದಕ್ಕೆ ಮೂರನೆಯದು ಬಂತು. ಐದು ನಿಮಿಷ ದಾಟಿದರೂ ನಿಲ್ಲಲಿಲ್ಲ. ಐದು ನಿಮಿಷ ದಾಟಿದ ಫಿಟ್ಸ್ ಅಂದರೆ ಎಲ್ಲ ಕಡೆಯೂ ತುರ್ತು ಲೆಕ್ಕವೇ.

ಅವರು ಉಳಿದರು. ಸಂಜೆಯವರನ್ನು ಕೆಟ್ಟವರು ಅಂತ ನಾನು ಅವತ್ತೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ಹೇಳಬೇಕು ಅಂತಲೇ ಇದ್ದರು, ಮರೆತರು. ಅಷ್ಟೇ.

ಮರೆವು ಯಾರ ತಪ್ಪೂ ಅಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಲೆಕ್ಕ ಕೊಟ್ಟಿದ್ದ. ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ನೋಡಿದ. ಅವನ ಅಳತೆಯಲ್ಲಿ ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ನಮ್ಮ ಪಾಳಿ ಎಂಟು ಗಂಟೆಯದು. ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ಒಬ್ಬರ ಒಂದು ದಿನ ಮೂರು ತಲೆಗಳಲ್ಲಿ ಹಂಚಿಹೋಗಿರುತ್ತದೆ. ಪೂರ್ತಿ ದಿನ ಯಾರ ಹತ್ತಿರವೂ ಇಲ್ಲ. ಎಲ್ಲ ಪಾಳಿಯಲ್ಲೂ ರಜೆ ಹಾಕದೆ ಇರುವುದು ಆ ರಿಜಿಸ್ಟರ್ ಒಂದೇ.

ಫಿಟ್ಸ್ ಕಣ್ಣಿಗೆ ಕಾಣುತ್ತದೆ. ನನಗೆ ಹೆಚ್ಚು ಭಯ ನಿಧಾನಕ್ಕೆ ಬರುವ ತೊಂದರೆಗಳದ್ದು. ಮಲದ ಚಾರ್ಟ್ ಅಂದರೆ ಹೊಸಬರು ಮುಖ ಸಿಂಡರಿಸುತ್ತಾರೆ, ನಾನೂ ಸಿಂಡರಿಸಿದ್ದೆ. ಬ್ರಿಸ್ಟಲ್ ಚಾರ್ಟ್ ಅಂತ ಒಂದಿದೆ. ಅದರಲ್ಲಿ ಮಲಕ್ಕೆ ಏಳು ನಮೂನೆ. ಒಂದು ಅಂದರೆ ಕಾಯಿಯಂತೆ ಗಟ್ಟಿ, ಏಳು ಅಂದರೆ ಬರೀ ನೀರು. ಸುಮ್ನೆ ತಮಾಷೆಗೆ ಮಾಡಿದ್ದಲ್ಲ ಅದು. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಮಲ ಕಟ್ಟಿಸುತ್ತವೆ. ಹೊಟ್ಟೆ ನೋಯುತ್ತಿದೆ ಅಂತ ಹೇಳಲು ಬಾರದವರಿಗೆ ಅದು ಜೀವಕ್ಕೇ ಬರಬಹುದು. ಬೆಳಿಗ್ಗೆಯವರು ‘ಸಂಜೆ ಹೋಗಿರುತ್ತಾರೆ’ ಅಂದುಕೊಳ್ಳುತ್ತಾರೆ, ಸಂಜೆಯವರು ‘ಬೆಳಿಗ್ಗೆ ಹೋಗಿರುತ್ತಾರೆ’ ಅಂದುಕೊಳ್ಳುತ್ತಾರೆ. ಹೀಗೇ ಐದು ದಿನ ಕಳೆಯುತ್ತದೆ. ಕಾಗದದಲ್ಲಾದರೆ ಐದು ಖಾಲಿ ಚೌಕ ಸಾಲಾಗಿ ಕಾಣುತ್ತವೆ. ತೂಕವೂ ಹೀಗೆಯೇ. ದಿನಾ ನೋಡುವ ಕಣ್ಣಿಗೆ ಮೂರು ಕಿಲೋ ಇಳಿದದ್ದು ಗೊತ್ತಾಗುವುದಿಲ್ಲ.

ಬರೆಯುವುದಕ್ಕೂ ಒಂದು ಕ್ರಮ ಇದೆ. ‘ಸಂಜೆ ತುಂಬಾ ಗಲಾಟೆ ಮಾಡಿದರು’ ಅಂತ ಬರೆದರೆ ಅದು ದಾಖಲೆ ಅಲ್ಲ, ಚಾಡಿ. ಹೀಗೆ ಬರೆಯಬೇಕು: ‘4.10ಕ್ಕೆ ಟಿವಿ ಸದ್ದು ಜೋರಾಯಿತು. 4.12ಕ್ಕೆ ಕಿವಿ ಮುಚ್ಚಿಕೊಂಡರು. 4.15ಕ್ಕೆ ಲೋಟ ಎಸೆದರು. ಟಿವಿ ಆರಿಸಿದೆ. 4.25ಕ್ಕೆ ಬಂದು ಪಕ್ಕದಲ್ಲಿ ಕೂತರು.’ ಮೊದಲು ಏನಾಯಿತು, ಅವರು ಏನು ಮಾಡಿದರು, ಆಮೇಲೆ ಏನಾಯಿತು. ಇಂಥ ಹತ್ತು ಎಂಟ್ರಿ ಒಟ್ಟಿಗೆ ಇಟ್ಟು ಓದಿದರೆ ತಪ್ಪಿತಸ್ಥ ಯಾರು ಅಂತ ಗೊತ್ತಾಗುತ್ತದೆ. ಟಿವಿ! ಅದು ಗೊತ್ತಾಗದೇ ಹೋದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಮಂಪರು ಬರುವ ಮಾತ್ರೆ ಒಂದು ಜಾಸ್ತಿ ಆಗುತ್ತದೆ.

ಉಳಿದ ನಿಯಮಗಳು ಸಣ್ಣವು. ಮಾತ್ರೆ ನುಂಗಿದ ಮೇಲೆ ಸಹಿ ಹಾಕಿ, ಡಬ್ಬಿ ತೆಗೆಯುವಾಗ ಅಲ್ಲ. ಬೇಡ ಅಂದರೆ ‘ಬೇಡ ಅಂದರು’ ಅಂತಲೇ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಖು ಹಾಕಿ. ವೈಟ್‌ನರ್ ಬಳಿಯಬೇಡಿ, ಕೆಳಗಿನ ಅಕ್ಷರ ಓದುವ ಹಾಗೇ ಇರಲಿ. ಮರುದಿನ ನೆನಪಾಯಿತಾ? ‘ತಡವಾಗಿ ಬರೆದದ್ದು’ ಅಂತ ಹೇಳಿ ಬರೆಯಿರಿ. ಖಾಲಿ ಉಳಿದ ಸಾಲಿಗೆ ಅಡ್ಡಗೆರೆ ಎಳೆಯಿರಿ, ಆಮೇಲೆ ಯಾರೂ ಏನೂ ತುರುಕದ ಹಾಗೆ.

ಇನ್ನೊಂದು ವಿಷಯ. ನೆರವು ಎಷ್ಟು ಗಂಟೆ ಬೇಕು ಅಂತ ತೀರ್ಮಾನ ಮಾಡುವವರು ರಾತ್ರಿ ಬಂದು ನಮ್ಮ ಜೊತೆ ಕೂರುವುದಿಲ್ಲ. ಫೈಲ್ ನೋಡುತ್ತಾರೆ. ರಾತ್ರಿ ನಾಲ್ಕು ಸಲ ಎದ್ದದ್ದನ್ನು ನಾವು ಬರೆಯದಿದ್ದರೆ ಅವರ ಲೆಕ್ಕದಲ್ಲಿ ಆ ವ್ಯಕ್ತಿ ಹಾಯಾಗಿ ಮಲಗುತ್ತಾರೆ. ಹಾಯಾಗಿ ಮಲಗುವವರಿಗೆ ರಾತ್ರಿ ಸಹಾಯಕರು ಯಾಕೆ, ಅಲ್ವಾ? ಬರೆಯಲು ಬೇಜಾರು ಪಟ್ಟವರ ಬೇಜಾರಿಗೆ ದಂಡ ಕಟ್ಟುವುದು ಹಾಸಿಗೆಯ ಮೇಲೆ ಇರುವವರು.

ಆ ರಾತ್ರಿ ಆದ ಮೇಲೆ ನಮ್ಮಲ್ಲಿ ಎರಡು ಪಾಳಿಗಳ ನಡುವೆ ಹತ್ತು ನಿಮಿಷ ಇಬ್ಬರೂ ಇರಬೇಕು ಅಂತ ಮಾಡಿಕೊಂಡೆವು. ರಿಜಿಸ್ಟರ್ ತೆರೆದು ನಿಂತು ಓದುತ್ತೇವೆ. ಮಗುವಿಗೆ ಜ್ವರ ಇದ್ದರೂ ಆ ಹತ್ತು ನಿಮಿಷ ಬಿಡುವುದಿಲ್ಲ.

ವಿರೋಧ: ನನ್ನ ಫೈಲನ್ನು ನಾನು ಓದಿದ ದಿನ

ಮೊದಲೇ ಹೇಳಿಬಿಡುತ್ತೇನೆ. ಫಿಟ್ಸ್ ಬರೆಯಿರಿ. ಮಾತ್ರೆ ಬರೆಯಿರಿ. ಅದಕ್ಕೆ ನನ್ನ ತಕರಾರು ಇಲ್ಲ, ಯಾರಿಗೂ ಇರಲಾರದು. ನನ್ನ ಜಗಳ ‘ಎಲ್ಲವನ್ನೂ’ ಅನ್ನುವ ಮಾತಿನ ಜೊತೆ. ನಿನ್ನೆ ನೀವು ಎಷ್ಟು ಸಲ ಬಾತ್‌ರೂಮಿಗೆ ಹೋದಿರಿ, ಯಾರ ಜೊತೆ ಫೋನಿನಲ್ಲಿ ಎಷ್ಟು ಹೊತ್ತು ಮಾತಾಡಿದಿರಿ, ಮಾತು ಮುಗಿಸಿದಾಗ ನಿಮ್ಮ ಮುಖ ಹೇಗಿತ್ತು? ಎಲ್ಲಾದರೂ ಬರೆದಿಟ್ಟಿದ್ದಾರಾ? ನನ್ನದು ಬರೆದಿಟ್ಟಿದ್ದಾರೆ.

ನಾನು ಗಾಲಿಕುರ್ಚಿಯಲ್ಲಿ ಓಡಾಡುವವಳು. ಎರಡೂ ಕೈಗಳಲ್ಲಿ ಬಲ ಕಡಿಮೆ. ಇಪ್ಪತ್ತನೇ ವಯಸ್ಸಿನಿಂದ ಯಾರಾದರೊಬ್ಬರ ನೆರವಿನಲ್ಲೇ ಬದುಕಿದ್ದೇನೆ. ಮೂವತ್ನಾಲ್ಕನೇ ವಯಸ್ಸಿನಲ್ಲಿ, ಹಟ ಹಿಡಿದು, ನನ್ನ ಫೈಲ್ ತರಿಸಿಕೊಂಡು ಓದಿದೆ. ಮೂರು ದಪ್ಪ ಸಂಪುಟ. ‘ಹಟ ಹಿಡಿದು’ ಅಂತ ಬೇಕಂತಲೇ ಬರೆದೆ. ಯಾಕಂದರೆ ಪ್ರತಿ ವರ್ಷದ ನನ್ನ ಆರೈಕೆಯ ಯೋಜನೆಯ ಮೊದಲ ಪುಟದಲ್ಲೂ ಆ ಮಾತೇ ಇತ್ತು: ‘ಸ್ವಭಾವ ಹಟಮಾರಿ. ಸ್ನಾನಕ್ಕೆ ಸಹಕರಿಸುವುದಿಲ್ಲ.’ ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋದೆ. ಹನ್ನೊಂದು ವರ್ಷದ ಹಿಂದಿನ ಒಂದು ಬೆಳಿಗ್ಗೆ ಸಿಕ್ಕಿತು. ‘ಸ್ನಾನ ನಿರಾಕರಿಸಿದರು. ಕೂಗಾಡಿದರು.’ ಆ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಗೀಸರ್ ಕೆಟ್ಟಿತ್ತು. ತಣ್ಣೀರು ಸುರಿದರು. ಗೀಸರ್ ಸಂಗತಿ ಫೈಲಿನಲ್ಲಿ ಇಲ್ಲ.

ಗೀಸರ್ ರಿಪೇರಿ ಆಯಿತು. ಹಟಮಾರಿ ರಿಪೇರಿ ಆಗಲಿಲ್ಲ. ವರ್ಷ ವರ್ಷ ನಕಲಾಗುತ್ತಾ ಬಂತು. ಹೊಸ ಸಹಾಯಕರು ಬಂದಾಗ ನನ್ನನ್ನು ನೋಡುವ ಮುಂಚೆ ಫೈಲ್ ನೋಡುತ್ತಾರೆ. ಅವರು ಯಾಕೆ ಮೊದಲ ದಿನವೇ ಸ್ವಲ್ಪ ದೂರ ನಿಂತು, ಸ್ವಲ್ಪ ಜೋರಾಗಿ ಮಾತಾಡುತ್ತಿದ್ದರು ಅನ್ನುವುದು ನನಗೆ ಅವತ್ತು ಅರ್ಥವಾಯಿತು.

1973ರಲ್ಲಿ ಡೇವಿಡ್ ರೋಸನ್‌ಹಾನ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗದ ವರದಿ ಪ್ರಕಟಿಸಿದ. ಏನೂ ಕಾಯಿಲೆ ಇಲ್ಲದವರು ಕಿವಿಯಲ್ಲಿ ದನಿ ಕೇಳುತ್ತದೆ ಅಂತ ಹೇಳಿ ಮಾನಸಿಕ ಆಸ್ಪತ್ರೆಗಳಿಗೆ ಸೇರಿಕೊಂಡರು ಅನ್ನುವ ಕಥೆ ಅದು. ಒಳಗೆ ಹೋದ ಮೇಲೆ ಅವರು ಸುಮ್ಮನೆ ಕೂತು ಕಂಡದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರಂತೆ. ಆ ಬರೆಯುವುದನ್ನೂ ಅಲ್ಲಿಯ ನರ್ಸುಗಳು ಕಾಯಿಲೆಯ ಒಂದು ನಡವಳಿಕೆ ಅಂತ ದಾಖಲೆ ಮಾಡಿದರಂತೆ. ಆ ಪ್ರಯೋಗದ ಸಾಚಾತನದ ಬಗ್ಗೆ ಆಮೇಲೆ ಗಟ್ಟಿ ಅನುಮಾನಗಳು ಎದ್ದವು. ಹಾಗಾಗಿ ನಾನು ಅದನ್ನು ಸಾಕ್ಷಿ ಅಂತ ಮುಂದಿಡುವುದಿಲ್ಲ. ಆದರೆ ಫೈಲ್ ಇರುವ ಯಾರಿಗೇ ಆ ಕಥೆ ಹೇಳಿ ನೋಡಿ. ನಗುತ್ತಾರೆ, ಆದರೆ ಆಶ್ಚರ್ಯ ಪಡುವುದಿಲ್ಲ.

ಮೇಲೆ ಬರೆದವರ ಟಿವಿ ಉದಾಹರಣೆ ಚೆನ್ನಾಗಿದೆ. ಹಾಗೆ ಬರೆಯುವವರು ಸಿಕ್ಕರೆ ಪುಣ್ಯ. ಆದರೆ ಎಲ್ಲವನ್ನೂ ಬರೆಯಿರಿ ಅಂದಾಗ ನಿಜವಾಗಿ ಏನಾಗುತ್ತದೆ? ಪಾಳಿ ಮುಗಿಯಲು ಅರ್ಧ ಗಂಟೆ ಇದೆ, ಎಂಟು ಜನರ ಹಾಳೆ ತುಂಬಬೇಕು, ಬಸ್ಸಿಗೆ ಹೊತ್ತಾಯಿತು. ‘ಊಟ ಮಾಡಿದರು. ಖುಷಿಯಾಗಿದ್ದರು. ವಿಶೇಷವೇನಿಲ್ಲ.’ ಎಂಟು ಜನರಿಗೂ ಅದೇ. ನನ್ನ ಫೈಲಿನಲ್ಲಿ ಈ ಮೂರು ವಾಕ್ಯ ನೂರಾರು ಸಲ ಇದೆ. ನನ್ನ ಅಮ್ಮ ತೀರಿಕೊಂಡ ದಿನದ ಪುಟ ತೆಗೆದೆ. ‘ಊಟ ಮಾಡಿದರು. ಖುಷಿಯಾಗಿದ್ದರು. ವಿಶೇಷವೇನಿಲ್ಲ.’

ಆ ಪುಟದ ಮೇಲೆ ಇನ್ನೇನೂ ಹೇಳಲಾರೆ.

ಮಗ್ಗುಲು ಬದಲಿಸುವ ಚಾರ್ಟ್‌ಗೆ ಬರೋಣ. ಹಾಸಿಗೆ ಹುಣ್ಣು ಆಗದಿರಲಿ ಅಂತ ರಾತ್ರಿ ಎರಡು ಗಂಟೆಗೊಮ್ಮೆ ನನ್ನನ್ನು ತಿರುಗಿಸಬೇಕು. ಚಾರ್ಟ್ ನೋಡಿದರೆ 10, 12, 2, 4 ಎಲ್ಲದರ ಮುಂದೆಯೂ ಸಹಿ ಇದೆ. ಒಂದೇ ಪೆನ್ನು, ಒಂದೇ ಓಟದಲ್ಲಿ ಹಾಕಿದ್ದು. ಬೆಳಿಗ್ಗೆ ಆರಕ್ಕೆ ಹಾಕಿದ್ದು ಅಂತ ನನಗೆ ಗೊತ್ತು, ಯಾಕಂದರೆ ನಾನು ಎಚ್ಚರವಾಗಿಯೇ ಇದ್ದೆ, ಅದೇ ಮಗ್ಗುಲಲ್ಲಿ. ‘ಬರೆದಿಲ್ಲ ಅಂದರೆ ಮಾಡಿಲ್ಲ’ ಅನ್ನುವ ಮಾತು ತಿರುಗಿ ನಿಲ್ಲುವುದು ಇಲ್ಲೇ. ಬರೆದಿದೆ ಅಂದರೆ ಮಾಡಿದ್ದಾರೆ ಅಂತ ಆಗಿಬಿಡುತ್ತದೆ. ತಪಾಸಣೆಗೆ ಬಂದವರು ಚಾರ್ಟ್ ನೋಡಿ ತಲೆಯಾಡಿಸಿ ಹೋದರು. ನನ್ನ ಬೆನ್ನು ನೋಡಲಿಲ್ಲ. ಹಾಳೆ ಖಾಲಿ ಇದ್ದಿದ್ದರೆ ಯಾರಾದರೂ ಕೇಳುತ್ತಿದ್ದರೇನೋ. ತುಂಬಿದ ಹಾಳೆ ನನ್ನ ಬಾಯಿ ಮುಚ್ಚಿಸಿತು.

ಇನ್ನು ಗುಟ್ಟಿನ ವಿಷಯ. ಅಂಗವೈಕಲ್ಯ ಇರುವವರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಡಂಬಡಿಕೆ ಇದೆ. 2006ರ ಡಿಸೆಂಬರ್ 13ರಂದು ಒಪ್ಪಿದ್ದು, 2008ರ ಮೇ 3ರಿಂದ ಜಾರಿಗೆ ಬಂದದ್ದು. ಅದರ 22ನೇ ವಿಧಿ ಹೇಳುವುದು ಇಷ್ಟು: ನಮ್ಮ ವೈಯಕ್ತಿಕ ಮತ್ತು ಆರೋಗ್ಯದ ಮಾಹಿತಿಯ ಗುಟ್ಟನ್ನು ಬೇರೆಯವರದ್ದನ್ನು ಕಾಪಾಡಿದ ಹಾಗೆಯೇ ಕಾಪಾಡಬೇಕು. ಬೇರೆಯವರ ಸಮಕ್ಕೆ. ನಾನಿದ್ದ ಒಂದು ಕಡೆ ನನ್ನ ಮುಟ್ಟಿನ ತಾರೀಖನ್ನು ಅಡುಗೆಮನೆಯ ಬೋರ್ಡಿನ ಮೇಲೆ ಬರೆಯುತ್ತಿದ್ದರು, ಎಲ್ಲರಿಗೂ ಅನುಕೂಲ ಆಗಲಿ ಅಂತ! ಗ್ಯಾಸ್ ರಿಪೇರಿಗೆ ಬಂದವರಿಗೂ ಅನುಕೂಲ ಆಗಿರಬೇಕು. ಈಗ ಬೋರ್ಡ್ ಹೋಗಿ ಆ್ಯಪ್ ಬಂದಿದೆ. ಓದುವವರ ಸಂಖ್ಯೆ ಕಡಿಮೆ ಆಗಿಲ್ಲ, ನನ್ನ ಕಣ್ಣಿಗೆ ಕಾಣುವುದು ಕಡಿಮೆ ಆಗಿದೆ. ಬರೆಯುವ ಕೆಲಸ ಜಾಸ್ತಿ ಆದಷ್ಟೂ ಸಹಾಯಕರ ಕಣ್ಣು ಸ್ಕ್ರೀನಿನ ಮೇಲೆ. ‘ಬೇಸರದಲ್ಲಿ ಇದ್ದಂತೆ ಕಂಡರು’ ಅಂತ ಟೈಪ್ ಮಾಡುವ ಹೊತ್ತಿನಲ್ಲಿ ಏನಾಯಿತು ಅಂತ ನನ್ನನ್ನೇ ಕೇಳಬಹುದಿತ್ತು.

ಹಾಗಾದರೆ ಏನು ಬೇಕು? ಕಡಿಮೆ ಬರೆಯಿರಿ, ನನ್ನ ಎದುರು ಬರೆಯಿರಿ, ಓದಿ ಹೇಳಿ. ಇದು ಆಗದ ಮಾತಲ್ಲ. 2010ರಲ್ಲಿ ಅಮೆರಿಕದ ಮೂರು ಕಡೆ ನೂರಕ್ಕೂ ಹೆಚ್ಚು ವೈದ್ಯರು ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೇ ಓದಲು ಬಿಟ್ಟು ನೋಡಿದರು. ಒಂದು ವರ್ಷ ಕಳೆದ ಮೇಲೆ ಹೆಚ್ಚುಕಮ್ಮಿ ಎಲ್ಲ ರೋಗಿಗಳೂ ಇದು ಮುಂದುವರಿಯಲಿ ಅಂದರು. ನಿಲ್ಲಿಸುತ್ತೇನೆ ಅಂದ ವೈದ್ಯರು ಒಬ್ಬರೂ ಇರಲಿಲ್ಲ. ಓದುವವರು ಎದುರಿಗೇ ಇದ್ದಾರೆ ಅಂತ ಗೊತ್ತಿದ್ದರೆ ಯಾರೂ ಸುಲಭಕ್ಕೆ ‘ಹಟಮಾರಿ’ ಅಂತ ಬರೆಯಲಾರರು.

ಈಗ ನನ್ನ ಜೊತೆ ಇರುವ ಹುಡುಗಿ ಸಂಜೆ ಬರೆದದ್ದನ್ನು ಜೋರಾಗಿ ಓದುತ್ತಾಳೆ. ಕೆಳಗೆ ನನ್ನ ಸಹಿಯೂ ಇರುತ್ತದೆ. ಕೈ ನಡುಗುವುದರಿಂದ ಸಹಿ ದಿನಕ್ಕೊಂದು ಥರ. ಕಳೆದ ವಾರ ‘ಹೊರಗೆ ಹೋಗಲು ನಿರಾಕರಿಸಿದರು’ ಅಂತ ಓದಿದಳು.

‘ನಿರಾಕರಿಸಲಿಲ್ಲ ಕಣೇ. ಮಳೆ ಇತ್ತು, ಬೇಡ ಅಂದೆ.’

‘ಎರಡೂ ಒಂದೇ ಅಲ್ವಾ ಅಕ್ಕ?’

‘ನಿನಗೆ ಯಾರಾದರೂ ಹಾಗೆ ಬರೆಯುತ್ತಾರಾ?’

ಒಂದೇ ಗೆರೆ ಎಳೆದಳು, ಪಕ್ಕದಲ್ಲಿ ಸಹಿ, ತಾರೀಖು. ಮೇಲೆ ಬರೆದವರು ಹೇಳಿದ ನಿಯಮದ ಪ್ರಕಾರವೇ. ‘ಮಳೆ. ಮನೆಯಲ್ಲೇ ಇದ್ದರು’ ಅಂತ ಬರೆದಳು. ಆಮೇಲೆ ಪುಟ ತಿರುಗಿಸಿ, ಶನಿವಾರ ಸಂಜೆ ಐದರಿಂದ ಒಂಬತ್ತರವರೆಗಿನ ಸಾಲು ಖಾಲಿ ಇದೆ, ಏನು ಬರೆಯಲಿ ಅಂತ ಕೇಳಿದಳು. ಆ ಸಂಜೆ ನಾನು ಎಲ್ಲಿಗೆ, ಯಾರ ಜೊತೆ ಹೋಗಿದ್ದೆ ಅಂತ ಅವಳಿಗೆ ಗೊತ್ತು, ಅವಳೇ ಬಿಟ್ಟು ಬಂದವಳು. ಖಾಲಿ ಸಾಲಿಗೆ ಅಡ್ಡಗೆರೆ ಎಳಿ ಅಂದೆ. ಎಳೆದಳು. ಇಬ್ಬರೂ ಸಹಿ ಹಾಕಿದೆವು.